ಆರ್ಕಿಡ್‌ಗೆ ಬೇಕು ನಮ್ಮೂರ ಚಳಿ



ಗೃಹಪ್ರವೇಶಕ್ಕೋ ಹುಟ್ಟುಹಬ್ಬಕ್ಕೋ ಉಡುಗೊರೆಯಾಗಿ ಬಂದ ಆರ್ಕಿಡ್ ಕುಂಡ ಈಗ ಕೈವಾರ, ಚಿಂತಾಮಣಿ, ಶಿಡ್ಲಘಟ್ಟದ ಮನೆಗಳಲ್ಲೂ ಕಾಣುತ್ತದೆ. ಅಗಲ ಎಸಳಿನ ಬಿಳಿ ಅಥವಾ ನೇರಳೆ ಹೂಗಳು ಎರಡು ಮೂರು ತಿಂಗಳು ಬಾಡದೆ ನಿಂತು, ಆಮೇಲೆ ಒಂದೊಂದಾಗಿ ಉದುರುತ್ತವೆ. ಉಳಿಯುವುದು ನಾಲ್ಕೈದು ದಪ್ಪ ಎಲೆ, ಒಂದು ಬೋಳು ದಂಟು. ಗಿಡದ ಆಯಸ್ಸು ಅಲ್ಲಿಗೆ ಮುಗಿಯಿತೆಂದು ಹಿತ್ತಲಿಗೆ ಎಸೆಯುವವರೇ ಹೆಚ್ಚು. ಎಸೆಯಬೇಡಿ. ಅದು ಇನ್ನೂ ಹಲವು ವರ್ಷ ಬದುಕಬಲ್ಲ ಗಿಡ, ಮತ್ತೆ ಮತ್ತೆ ಹೂ ಬಿಡಬಲ್ಲ ಗಿಡ. ಹೂವಿಗೆ ಅದು ಕಾಯುವುದು ದುಬಾರಿ ಗೊಬ್ಬರಕ್ಕಲ್ಲ, ರಾತ್ರಿಯ ತಂಪಿಗೆ. ಆ ತಂಪು ನಮ್ಮ ಬಯಲುಸೀಮೆಯಲ್ಲಿ ಕಾರ್ತಿಕದಿಂದ ಪುಷ್ಯದವರೆಗೆ ಧಾರಾಳವಾಗಿ ಸಿಗುತ್ತದೆ.

ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಈ ಆರ್ಕಿಡ್‌ನ ಹೆಸರು ಫೆಲನಾಪ್ಸಿಸ್. ಇದರ ಮೂಲ ಫಿಲಿಪೀನ್ಸ್, ಇಂಡೋನೇಷ್ಯಾ ಕಡೆಯ ಮಳೆಕಾಡು. ಅಲ್ಲಿ ಇದು ಮಣ್ಣಿನಲ್ಲಿ ಬೆಳೆಯುವುದಿಲ್ಲ, ಮರದ ತೊಗಟೆಗೆ ಬೇರೂರಿ ನಿಲ್ಲುತ್ತದೆ. ಮರದ ರಸ ಹೀರುವ ಬದನಿಕೆಯ ಜಾತಿಯದಲ್ಲ. ಆಸರೆ ಮಾತ್ರ ಮರದ್ದು, ಆಹಾರ ತನ್ನದೇ. ನಮ್ಮ ಮಲೆನಾಡಿನ ಸೀತಾಳೆ ದಂಡೆಯೂ ಇದೇ ಬಗೆಯದು. ಅದನ್ನೇ ಅಸ್ಸಾಮಿನ ಹೆಣ್ಣುಮಕ್ಕಳು ಬಿಹು ಹಬ್ಬಕ್ಕೆ ಮುಡಿಯುತ್ತಾರೆ, ಆ ರಾಜ್ಯದ ಹೂವೂ ಅದೇ. ಆರ್ಕಿಡ್ ಎಂದರೆ ಹೊರದೇಶದ್ದು ಎಂಬ ಭಾವನೆ ಬೇಡ. ಹಾಗೆಂದು ಕಾಡಿಗೆ ಹೋಗಿ ಮರದಿಂದ ಕಿತ್ತು ತರುವುದೂ ಬೇಡ. ಕಿತ್ತ ಗಿಡ ಮನೆಯಲ್ಲಿ ಉಳಿಯುವುದು ಅಪರೂಪ, ಕಾಡಿಗಾದ ನಷ್ಟ ತುಂಬುವುದೂ ಇಲ್ಲ. ನರ್ಸರಿಯಲ್ಲಿ ಬೆಳೆಸಿದ ಗಿಡವನ್ನೇ ಕೊಳ್ಳಿ.

ಇನ್ನು ಬೇರಿನ ವಿಚಾರ. ಇದನ್ನು ತಿಳಿದರೆ ಅರ್ಧ ಕೆಲಸ ಆದಂತೆ. ಕುಂಡದಿಂದ ಹೊರಚಾಚಿದ ಒಂದು ಬೇರನ್ನು ಹತ್ತಿರದಿಂದ ನೋಡಿ. ಒಣಗಿದಾಗ ಬೆಳ್ಳಿಬಣ್ಣ. ನಾಲ್ಕು ಹನಿ ನೀರು ಬಿಡಿ, ಕಣ್ಣೆದುರಿಗೇ ಹಸಿರಾಗುತ್ತದೆ. ಬೇರಿನ ಸುತ್ತ ಸ್ಪಂಜಿನಂಥ ಒಂದು ಹೊದಿಕೆ ಇದೆ. ಅದು ನೀರು ಕುಡಿದಾಗ ಒಳಗಿನ ಹಸಿರು ಹೊರಗೆ ಕಾಣುತ್ತದೆ. ಬೇರು ಬೆಳ್ಳಗಾದರೆ ನೀರು ಕೊಡಿ, ಹಸಿರಾಗಿದ್ದರೆ ಕೊಡಬೇಡಿ. ಕಂದುಬಣ್ಣಕ್ಕೆ ತಿರುಗಿ, ಹಿಚುಕಿದರೆ ಮೆತ್ತಗಿದ್ದರೆ ಕೊಳೆತಿದೆ ಎಂದರ್ಥ, ಕತ್ತರಿಸಿ ತೆಗೆಯಬೇಕು. ಈ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಅದಕ್ಕೇ ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ ಕೂಡದು. ತಳದಲ್ಲೂ ಪಕ್ಕದಲ್ಲೂ ತೂತಿರುವ ಕುಂಡಕ್ಕೆ ಇದ್ದಿಲಿನ ತುಂಡು, ಹೆಂಚಿನ ಚೂರು, ಚೆನ್ನಾಗಿ ನೆನೆಸಿ ಎರಡು ಮೂರು ಸಲ ತೊಳೆದ ತೆಂಗಿನ ಸಿಪ್ಪೆಯ ತುಂಡು ತುಂಬಿದರೆ ಸಾಕು. ಸಿಪ್ಪೆ ಪುಡಿಯಾಗುತ್ತಾ ಬರುವುದರಿಂದ ಎರಡು ವರ್ಷಕ್ಕೊಮ್ಮೆ, ಹೂ ಮುಗಿದ ಮೇಲೆ, ಎಲ್ಲವನ್ನೂ ಬದಲಿಸಿ.

ಆದರೆ ನಮ್ಮ ಕಡೆ ಆರ್ಕಿಡ್ ಸೊರಗುವುದು ಬಹಳ ಸಲ ನೀರಿನ ಗುಣದಿಂದ. ಸಾವಿರ ಅಡಿ ದಾಟಿದ ಕೊಳವೆಬಾವಿಯ ನೀರು ಗಡಸು, ಉಪ್ಪಿನಂಶ ಹೆಚ್ಚು. ಟೊಮೆಟೊ, ಹಿಪ್ಪುನೇರಳೆ ತಡೆದುಕೊಳ್ಳುವ ನೀರನ್ನು ಈ ಬೇರು ತಡೆಯಲಾರದು. ಕುಂಡದ ಅಂಚಿನಲ್ಲಿ ಬಿಳಿ ಪದರ ಕಟ್ಟಿ, ಬೇರಿನ ತುದಿ ಕಪ್ಪಾಗಿ ಸುಟ್ಟರೆ ಕಾರಣ ಅದೇ. ಮಳೆನೀರಿಗೆ ಸಮನಾದದ್ದಿಲ್ಲ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮಳೆ ಸುರಿಯುವ ಹೊತ್ತಿಗೆ ತಾರಸಿಯ ನೀರನ್ನು ಎರಡು ಡ್ರಮ್ ಹಿಡಿದು ಮುಚ್ಚಿಟ್ಟರೆ ಕೆಲವು ಕುಂಡಗಳಿಗೆ ತಿಂಗಳುಗಟ್ಟಲೆ ಆಯಿತು. ಅದು ಮುಗಿದರೆ ಊರಿನ ಶುದ್ಧ ನೀರಿನ ಘಟಕದ ನೀರು ಇದ್ದೇ ಇದೆ. ಬೆಳಿಗ್ಗೆ ಹೊತ್ತು ಕುಂಡವನ್ನು ಬಕೆಟ್ಟಿನಲ್ಲಿ ಹತ್ತು ನಿಮಿಷ ನೆನೆಯಿಟ್ಟು, ನೀರು ಪೂರ್ತಿ ಸೋರಿದ ಮೇಲೆ ಸ್ವಸ್ಥಾನಕ್ಕೆ ಇಡಿ. ಎಲೆಗಳು ಕೂಡುವ ನಡುಗುಳಿಯಲ್ಲಿ ನೀರು ನಿಂತರೆ ಸುಳಿ ಕೊಳೆಯುತ್ತದೆ, ಬಟ್ಟೆಯಿಂದ ಒರೆಸಿಬಿಡಿ. ಮಾರ್ಚ್, ಏಪ್ರಿಲಿನ ಮಧ್ಯಾಹ್ನ ಬಂಡೆಬೆಟ್ಟಗಳು ಕಾದು ಗಾಳಿ ಒಣಗಿರುವಾಗ, ಕುಂಡದ ಕೆಳಗೆ ಜಲ್ಲಿಕಲ್ಲು ತುಂಬಿದ ತಟ್ಟೆಯಿಟ್ಟು ನೀರು ಹಾಕಿ. ಕುಂಡದ ತಳ ಮಾತ್ರ ನೀರಿಗೆ ತಾಗಬಾರದು.

ಗೊಬ್ಬರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ರೈತರು ಹನಿ ನೀರಾವರಿಗೆ ಬಿಡುವ 19:19:19 ಗೊಬ್ಬರ ಚಿಂತಾಮಣಿಯ ಅಂಗಡಿಗಳಲ್ಲಿ ಸಿಗುತ್ತದೆ. ಲೀಟರಿಗೆ ಅರ್ಧ ಗ್ರಾಂ, ಹದಿನೈದು ದಿನಕ್ಕೊಮ್ಮೆ. ಅದಕ್ಕಿಂತ ಜಾಸ್ತಿ ಬೇಡ.

ಈಗ ಹೂವಿನ ಮಾತಿಗೆ ಬರೋಣ. ಹಗಲೂ ರಾತ್ರಿಯೂ 28 ಡಿಗ್ರಿ ದಾಟಿದ ಸೆಕೆಯಲ್ಲಿ ಫೆಲನಾಪ್ಸಿಸ್ ಎಲೆಯನ್ನಷ್ಟೇ ಬೆಳೆಸುತ್ತದೆ. ತಾಪ 25ಕ್ಕಿಂತ ಕೆಳಗಿಳಿದು ಕೆಲವು ವಾರ ಹಾಗೇ ಇದ್ದರೆ ಎಲೆಯ ಬುಡದಲ್ಲಿ ಮಲಗಿದ್ದ ಮೊಗ್ಗು ಏಳುತ್ತದೆ. ಹೂಗಿಡದ ದೊಡ್ಡ ವ್ಯಾಪಾರಿಗಳು ಇದಕ್ಕಾಗಿ ಗಾಜಿನಮನೆಯನ್ನೇ ತಂಪು ಮಾಡುತ್ತಾರೆ. ನಾವು ಮಾಡಬೇಕಾದ್ದು ಇಷ್ಟೇ: ದೀಪಾವಳಿ ಕಳೆಯುತ್ತಲೇ ಕುಂಡವನ್ನು ಮುಚ್ಚಿದ ಕೋಣೆಯಿಂದ ಪೂರ್ವದ ಜಗಲಿಗೆ ತಂದಿಡುವುದು. ಬೆಳಗಿನ ಎಳೆಬಿಸಿಲು ಒಂದೆರಡು ಗಂಟೆ ಬೀಳಲಿ, ಮಧ್ಯಾಹ್ನದ ಬಿಸಿಲು ಬೇಡ. ಎಲೆ ಕಡುಹಸಿರಾಗಿದ್ದರೆ ಬೆಳಕು ಸಾಲದು, ಕೆಂಪಡರಿದರೆ ಅತಿಯಾಯಿತು. ಥಂಡಿ ವಿಪರೀತವಾಗಿ 15 ಡಿಗ್ರಿಗಿಂತ ಇಳಿಯುವ ರಾತ್ರಿಗಳಲ್ಲಿ ಮಾತ್ರ ಒಳಗೆ ತನ್ನಿ.

ಡಿಸೆಂಬರ್ ಹೊತ್ತಿಗೆ ಎಲೆಯ ಬುಡದಲ್ಲಿ ಹಸಿರು ಮೊಳಕೆಯೊಂದು ಇಣುಕೀತು. ಬೇರೋ ಹೂದಂಟೋ ಎಂಬ ಅನುಮಾನ ಸಹಜ. ಬೇರಿನ ತುದಿ ದುಂಡಗೆ, ನುಣುಪಾಗಿ ಹೊಳೆಯುತ್ತದೆ. ಹೂದಂಟಿನ ತುದಿ ಕೊಂಚ ಚಪ್ಪಟೆ, ಮೇಲೆ ಪುಟ್ಟ ಪೊರೆಯ ಮುಚ್ಚಳ, ಮುಖ ಬೆಳಕಿನ ಕಡೆಗೆ. ದಂಟು ಬಂದ ಮೇಲೆ ಕುಂಡವನ್ನು ತಿರುಗಿಸಬೇಡಿ, ತಿರುಗಿಸಿದರೆ ಹೂಗಳ ಸಾಲು ಸೊಟ್ಟಗಾಗುತ್ತದೆ. ಅರಳಲು ಸುಮಾರು ಮೂರು ತಿಂಗಳು ಬೇಕು. ಹೂ ಉದುರಿದ ಮೇಲೆ ಗಿಡ ಬಲವಾಗಿದ್ದರೆ ದಂಟನ್ನು ಕೆಳಗಿನಿಂದ ಎರಡನೇ ಗಿಣ್ಣಿನ ಮೇಲೆ ಕತ್ತರಿಸಬಹುದು, ಅಲ್ಲಿಂದ ಕವಲೊಡೆದು ಇನ್ನೊಂದು ಸುತ್ತು ಹೂ ಬಂದೀತು. ಎಲೆ ಎರಡು ಮೂರೇ ಇದ್ದರೆ ಆಸೆಪಡದೆ ಬುಡಕ್ಕೇ ಕತ್ತರಿಸಿ, ಗಿಡ ಸುಧಾರಿಸಿಕೊಳ್ಳಲಿ.

ಇಷ್ಟು ಆರೈಕೆ ಕಷ್ಟವೆನಿಸುವವರಿಗೆ ಡೆಂಡ್ರೋಬಿಯಮ್ ಇದೆ. ಪುಟ್ಟ ಕಬ್ಬಿನ ಜಲ್ಲೆಯ ಹಾಗೆ ಗಿಣ್ಣುಗಳಿರುವ, ನೇರಳೆ ಹೂವಿನ ಗಿಡ. ಥಾಯ್ಲೆಂಡಿನಿಂದ ಬರುವ ಈ ತಳಿಗಳು ಸೆಕೆಗೆ ಹೆದರುವುದಿಲ್ಲ, ಬೆಳಕು ಚೆನ್ನಾಗಿ ಬೇಕು. ನರ್ಸರಿಯವರು ಹಾಕುವ ಶೇಡ್ ನೆಟ್ಟಿನ ಕೆಳಗೆ ನೆಮ್ಮದಿಯಾಗಿರುತ್ತವೆ. ಎಲೆ ಉದುರಿದ ಹಳೆಯ ದಂಟನ್ನು ಒಣಗಿತೆಂದು ಕತ್ತರಿಸಬೇಡಿ. ಹಸಿರಿರುವ ತನಕ ಅದು ನೀರು, ಆಹಾರದ ಉಗ್ರಾಣ. ಅದರಿಂದಲೇ ಮತ್ತೆ ಹೂ ಬರುವುದೂ ಉಂಟು.

ಕೊನೆಗೊಂದು ಎಚ್ಚರಿಕೆ, ನಮ್ಮ ಮಾವಿನ ಸೀಮೆಯವರಿಗಾಗಿ. ಮಾಗುವ ಹಣ್ಣು ಎಥಿಲೀನ್ ಎಂಬ ಅನಿಲ ಬಿಡುತ್ತದೆ. ಅದು ತಾಗಿದರೆ ಆರ್ಕಿಡ್‌ನ ಮೊಗ್ಗು ಅರಳದೆ ಹಳದಿಯಾಗಿ ಉದುರುತ್ತದೆ, ಅರಳಿದ ಹೂವೂ ಬೇಗ ಬಾಡುತ್ತದೆ. ಮಾವಿನ ಕಾಲದಲ್ಲಿ ಬಾದಾಮಿಯೋ ತೋತಾಪುರಿಯೋ ಹುಲ್ಲಿನಲ್ಲಿಟ್ಟು ಹಣ್ಣು ಮಾಡುವ ಕೋಣೆಯಲ್ಲಿ ಹೂಬಿಟ್ಟ ಕುಂಡ ಇಡಬೇಡಿ. ಬಾಳೆಗೊನೆ ತೂಗುಹಾಕಿದ ಕಡೆಗೂ ಅದೇ ಮಾತು.