ಒಂದೇ ಬೆಂಚು, ಮೂರು ಶುಲ್ಕ

ಎರಡನೆಯ ಪಿ.ಯು.ಸಿ. ಫಲಿತಾಂಶವೂ ಸಿಇಟಿ ರ‍್ಯಾಂಕೂ ಹೊರಬೀಳುವ ದಿನಗಳಲ್ಲಿ ನಮ್ಮ ಊರುಗಳಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. "ಹುಡುಗನಿಗೆ ಯಾವ ಕಾಲೇಜು?" ಎಂಬುದು ನೆಂಟರಿಷ್ಟರು ಕೇಳುವ ಮಾತು. "ದುಡ್ಡಿಗೆ ಏನು ಮಾಡೋಣ?" ಎಂಬುದು ಊಟವಾಗಿ ಮಕ್ಕಳು ಮಲಗಿದ ಮೇಲೆ ಗಂಡಹೆಂಡಿರು ಆಡಿಕೊಳ್ಳುವ ಮಾತು. ಮೊದಲನೆಯ ಪ್ರಶ್ನೆಗೆ ತಲೆಯೆತ್ತಿ ಉತ್ತರ ಹೇಳಬೇಕೆಂಬ ಆತುರದಲ್ಲಿ ಎರಡನೆಯದನ್ನು ಮರೆತು ನಿವೇಶನ ಮಾರಿದವರು, ಒಡವೆ ಅಡವಿಟ್ಟವರು ಉಂಟು. ದುಡ್ಡಿಗೆ ಹೆದರಿ, ಒಳ್ಳೆಯ ರ‍್ಯಾಂಕು ಪಡೆದ ಹೆಣ್ಣುಮಗಳ ಓದನ್ನು ಅಲ್ಲಿಗೇ ನಿಲ್ಲಿಸಿದವರೂ ಉಂಟು. ಈ ಎರಡು ಕಷ್ಟಗಳೂ ಅನೇಕ ಮನೆಗಳಲ್ಲಿ ತಪ್ಪಬಹುದಾದವು. ಅದು ಹೇಗೆಂಬುದನ್ನು ಈ ಹೊತ್ತು ವಿಚಾರ ಮಾಡೋಣ.

ಮೊದಲು ಒಂದು ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ನಮ್ಮ ರಾಜ್ಯದ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜಿನ ತರಗತಿಯೊಳಗೆ ಹೋಗಿ ನೋಡಿ. ಒಂದೇ ಬೆಂಚಿನ ಮೇಲೆ ಮೂವರು ಹುಡುಗರು ಕುಳಿತಿರಬಹುದು. ಒಬ್ಬನು ಸಿಇಟಿಯ ಮೂಲಕ ಸರ್ಕಾರದ ಪಾಲಿನ ಸೀಟಿಗೆ ಬಂದವನು. ಇನ್ನೊಬ್ಬನು ಕಾಮೆಡ್-ಕೆ ಪರೀಕ್ಷೆ ಬರೆದು ಬಂದವನು. ಮೂರನೆಯವನು ಆಡಳಿತ ಮಂಡಳಿಯ ಸೀಟಿಗೆ ಬಂದವನು. ಕಪ್ಪುಹಲಗೆ ಒಂದೇ, ಉಪನ್ಯಾಸಕರು ಒಬ್ಬರೇ, ಪರೀಕ್ಷೆ ಒಂದೇ, ಕೊನೆಗೆ ದೊರೆಯುವ ಪದವಿಯೂ ಒಂದೇ. ಆದರೆ ಮೂವರ ತಂದೆಯರು ತೆತ್ತ ಶುಲ್ಕ ಮೂರು ಬಗೆ. ಆದ್ದರಿಂದ ಹೆಚ್ಚು ಹಣ ಕೊಟ್ಟರೆ ಹೆಚ್ಚು ವಿದ್ಯೆ ಬರುತ್ತದೆಂಬ ಎಣಿಕೆ ನಿಲ್ಲುವುದಿಲ್ಲ. ಹುಡುಗ ಯಾವ ಬಾಗಿಲಿನಿಂದ ಒಳಗೆ ಹೋದನೆಂಬುದೇ ಬಹುಮಟ್ಟಿಗೆ ಶುಲ್ಕವನ್ನು ನಿರ್ಧರಿಸುತ್ತದೆ.

ಹಾಗಾದರೆ ಕಡಿಮೆ ಖರ್ಚಿನ ಬಾಗಿಲುಗಳು ಯಾವುವು? ಮೊದಲನೆಯದು ಸರ್ಕಾರಿ ಕಾಲೇಜು. ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ 1917ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕಾಲೇಜು ಇಂದು ಅವರ ಹೆಸರನ್ನೇ ಹೊತ್ತು ಸ್ವಾಯತ್ತ ಸಂಸ್ಥೆಯಾಗಿ ನಡೆಯುತ್ತಿದೆ. ದಾವಣಗೆರೆಯಲ್ಲಿ 1951ರಲ್ಲಿ ಆರಂಭವಾದ ಬಿ.ಡಿ.ಟಿ. ಕಾಲೇಜು ಈಗ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದೆ. ಇವಲ್ಲದೆ ರಾಮನಗರ, ಚಾಮರಾಜನಗರ, ಹಾವೇರಿ, ಕಾರವಾರ, ಕುಶಾಲನಗರ, ಕೃಷ್ಣರಾಜಪೇಟೆ, ರಾಯಚೂರು, ಹೂವಿನಹಡಗಲಿ ಮೊದಲಾದ ಕಡೆಗಳಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜುಗಳುಂಟು. ಮನೆಯಿಂದಲೇ ಹೋಗಿ ಬರುವಂತಿದ್ದರೆ ಹಾಸ್ಟೆಲಿನ ಖರ್ಚೂ ಉಳಿಯಿತು.

ಎರಡನೆಯ ಬಾಗಿಲು ಅನುದಾನಿತ ಸೀಟು. ಇದು ಅನೇಕರ ಕಣ್ಣಿಗೆ ಬೀಳುವುದೇ ಇಲ್ಲ. ಬೆಂಗಳೂರಿನ ಬಿ.ಎಂ.ಎಸ್., ಮೈಸೂರಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್, ಹಾಸನದ ಮಲೆನಾಡು ಕಾಲೇಜು, ಮಂಡ್ಯದ ಪಿ.ಇ.ಎಸ್. ಇಂಥ ಹಳೆಯ ಸಂಸ್ಥೆಗಳಲ್ಲಿ ಕೆಲವು ವಿಭಾಗಗಳಿಗೆ ಸರ್ಕಾರದ ಅನುದಾನವಿದೆ. ಅಲ್ಲಿ ಶುಲ್ಕ ತೀರ ಕಡಿಮೆ. ಅದೇ ಕಾಲೇಜಿನ ಅನುದಾನವಿಲ್ಲದ ವಿಭಾಗದಲ್ಲಿ ಶುಲ್ಕ ಬೇರೆ. ಅನುದಾನವಿರುವುದು ಸಾಮಾನ್ಯವಾಗಿ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್‌ನಂಥ ಹಳೆಯ ವಿಭಾಗಗಳಿಗೆ. ಈ ವಿಷಯಗಳಲ್ಲಿ ನಿಜವಾದ ಒಲವುಳ್ಳ ಹುಡುಗನಿಗೆ ಇದಕ್ಕಿಂತ ಭಾಗ್ಯದ ಸೀಟು ಮತ್ತೊಂದಿಲ್ಲ.

ಮೂರನೆಯದು ಬೋಧನಾ ಶುಲ್ಕದ ವಿನಾಯಿತಿ. ಸೂಪರ್ ನ್ಯೂಮರರಿ ಕೋಟಾ ಎಂದು ಇದರ ಹೆಸರು. ಮಂಜೂರಾದ ಸೀಟುಗಳ ಮೇಲೆ ಶೇಕಡ 5ರಷ್ಟು ಹೆಚ್ಚುವರಿ ಸೀಟುಗಳನ್ನು, ವಾರ್ಷಿಕ ವರಮಾನ 8 ಲಕ್ಷ ರೂಪಾಯಿಗೆ ಮೀರದ ಮನೆಗಳ ಮಕ್ಕಳಿಗೆ ರ‍್ಯಾಂಕಿನ ಕ್ರಮದಲ್ಲಿ ಕೊಡುತ್ತಾರೆ. ಇದರ ಜೊತೆಗೆ, ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ಶೇಕಡ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5 ಮೀಸಲಾತಿ ಇದೆ. ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಸಂವಿಧಾನದ 371ನೆಯ ಜೆ ವಿಧಿಯಂತೆ ಆ ಭಾಗದ ಕಾಲೇಜುಗಳಲ್ಲಿ ಶೇಕಡ 70, ಉಳಿದೆಡೆ ಶೇಕಡ 8 ಸೀಟುಗಳುಂಟು. ಇವೆಲ್ಲ ಕಾಗದಪತ್ರದ ಮೇಲೆ ನಿಂತ ಹಕ್ಕುಗಳು. ವರಮಾನ ಪತ್ರ, ವ್ಯಾಸಂಗ ಪ್ರಮಾಣಪತ್ರಗಳನ್ನು ಸಿಇಟಿ ಅರ್ಜಿಗೆ ಮೊದಲೇ ಮಾಡಿಸಿಟ್ಟುಕೊಳ್ಳಬೇಕು. ಸಂತೆಯ ಹೊತ್ತಿಗೆ ಮೂರು ಮೊಳ ನೇಯುವವರಿಗೆ ಕಚೇರಿಯ ಬಾಗಿಲು ಮುಚ್ಚಿರುತ್ತದೆ.

ಅಗ್ಗವಾದುದೆಲ್ಲ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಗಾಜಿನ ಕಟ್ಟಡಕ್ಕೂ ಸಲ್ಲುತ್ತದೆ, ಬಣ್ಣ ಮಾಸಿದ ಕಟ್ಟಡಕ್ಕೂ ಸಲ್ಲುತ್ತದೆ. ಗುಣವನ್ನು ಅಳೆಯಲು ನಾಲ್ಕು ಪ್ರಶ್ನೆಗಳನ್ನು ಕೇಳಿ.

ಮೊದಲನೆಯದು, ಈ ವಿಭಾಗಕ್ಕೆ ಎನ್‌.ಬಿ.ಎ. ಮಾನ್ಯತೆ ಇದೆಯೇ, ಎಲ್ಲಿಯವರೆಗೆ ಇದೆ? ನ್ಯಾಕ್ ಇಡೀ ಸಂಸ್ಥೆಯನ್ನು ಪರೀಕ್ಷಿಸುತ್ತದೆ, ಎನ್‌.ಬಿ.ಎ. ಒಂದೊಂದು ವಿಭಾಗವನ್ನು ಬೇರೆಬೇರೆಯಾಗಿ ನೋಡುತ್ತದೆ. ಕಾಲೇಜಿಗೆ ಹೆಸರಿದ್ದು, ನಿಮ್ಮ ಮಗ ಸೇರುವ ವಿಭಾಗಕ್ಕೆ ಮಾನ್ಯತೆ ಇಲ್ಲದಿರುವುದು ಸಾಧ್ಯ.

ಎರಡನೆಯದು, ಕಲಿಸುವವರು ಎಷ್ಟು ಮಂದಿ? ಇಪ್ಪತ್ತು ವಿದ್ಯಾರ್ಥಿಗಳಿಗೆ ಒಬ್ಬರಂತೆ ಅಧ್ಯಾಪಕರಿರಬೇಕೆಂಬುದು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಲೆಕ್ಕ. ವರ್ಷಕ್ಕೆ 60 ಸೀಟಿನ ವಿಭಾಗವಾದರೆ ನಾಲ್ಕು ವರ್ಷಕ್ಕೆ 240 ವಿದ್ಯಾರ್ಥಿಗಳು, ಬೇಕಾದ ಅಧ್ಯಾಪಕರು 12. ವರ್ಷಕ್ಕೆ 240 ಸೀಟಾದರೆ 48 ಮಂದಿ ಬೇಕು. ಈಚೆಗೆ ಕಂಪ್ಯೂಟರ್ ವಿಭಾಗಗಳಲ್ಲಿ ಸೀಟುಗಳು ಒಂದೇ ಸಮನೆ ಏರುತ್ತಿವೆ. ಸೀಟಿನ ಜೊತೆಗೆ ಗುರುಗಳ ಸಂಖ್ಯೆಯೂ ಏರಿದೆಯೇ ಎಂದು ಕೇಳುವುದು ತಂದೆತಾಯಿಯ ಹಕ್ಕು. ಹೆಸರಿನ ಪಟ್ಟಿಯನ್ನು ನೋಡಿ ತೃಪ್ತರಾಗಬೇಡಿ. ಕಾಲೇಜು ನಡೆಯುವ ದಿನ ಹೋಗಿ, ಪ್ರಯೋಗಶಾಲೆಯ ಬಾಗಿಲು ತೆರೆದಿದೆಯೇ, ಯಂತ್ರದ ಮೇಲೆ ಧೂಳಿದೆಯೇ ಎಂದು ಕಣ್ಣಾರೆ ನೋಡಿ.

ಮೂರನೆಯದು, ಸೇರಿದವರಲ್ಲಿ ಎಷ್ಟು ಮಂದಿ ನಾಲ್ಕೇ ವರ್ಷದಲ್ಲಿ ತೇರ್ಗಡೆಯಾಗುತ್ತಾರೆ? ನಾಲ್ಕನೆಯದು, ಕೆಲಸ ಸಿಕ್ಕವರ ನಡುಮಟ್ಟದ ಸಂಬಳವೆಷ್ಟು? ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಬರುವುದು ಒಬ್ಬನಿಗೆ ಸಿಕ್ಕ ಅತಿ ಹೆಚ್ಚಿನ ಸಂಬಳ. ಆ ಒಬ್ಬನು ನಿಮ್ಮ ಮಗನೇ ಆಗುವನೆಂದು ಯಾರು ಹೇಳಬಲ್ಲರು? ಎಲ್ಲರ ಸಂಬಳವನ್ನೂ ಸಾಲಾಗಿ ಬರೆದರೆ ಮಧ್ಯದಲ್ಲಿ ನಿಲ್ಲುವ ಮೊತ್ತವೇ ನಂಬತಕ್ಕದ್ದು. ಎನ್‌.ಐ.ಆರ್‌.ಎಫ್. ಎಂಬ ರಾಷ್ಟ್ರೀಯ ಶ್ರೇಯಾಂಕಕ್ಕೆ ಸೇರುವ ಕಾಲೇಜುಗಳು ಈ ಎರಡು ಅಂಕಿಗಳನ್ನೂ ಬರೆದುಕೊಡಬೇಕು. ಅದು ಸಾರ್ವಜನಿಕರ ನೋಟಕ್ಕೆ ದೊರೆಯುತ್ತದೆ.

ಈಗ ಹಣದ ಮಾತು. ಶುಲ್ಕವೊಂದನ್ನೇ ನೋಡಿದರೆ ಸಾಲದು. ನಾಲ್ಕು ವರ್ಷದ ಶುಲ್ಕ, ಹಾಸ್ಟೆಲು, ಊಟ, ಪುಸ್ತಕ, ಕಂಪ್ಯೂಟರು, ಊರಿಗೆ ಬಂದುಹೋಗುವ ಬಸ್ಸಿನ ಖರ್ಚು ಎಲ್ಲವನ್ನೂ ಒಂದು ಹಾಳೆಯ ಮೇಲೆ ಕೂಡಿಸಿ. ಅದರಲ್ಲಿ 10 ಲಕ್ಷ ರೂಪಾಯಿಯನ್ನು ಸಾಲ ತಂದಿರೆಂದು ಇಟ್ಟುಕೊಳ್ಳೋಣ. ಬಡ್ಡಿ ಶೇಕಡ 10, ಹತ್ತು ವರ್ಷದಲ್ಲಿ ತೀರಿಸಬೇಕು ಎಂದರೆ ತಿಂಗಳ ಕಂತು ಸುಮಾರು 13,200 ರೂಪಾಯಿ. ಒಟ್ಟು ಕಟ್ಟುವುದು 15 ಲಕ್ಷ 85 ಸಾವಿರಕ್ಕೂ ಮೇಲೆ. ಓದುವ ಕಾಲದಲ್ಲಿ ಬೆಳೆದ ಬಡ್ಡಿ ಇದರ ಮೇಲೆ ಸೇರುತ್ತದೆ. ಆ ನಡುಮಟ್ಟದ ಸಂಬಳದಿಂದ ಈ ಕಂತನ್ನು ಕಳೆದು, ಬೆಂಗಳೂರಿನ ಬಾಡಿಗೆಯನ್ನೂ ಕಳೆದು, ಹುಡುಗನಿಗೆ ಉಳಿಯುವುದೇನೆಂದು ನೋಡಿ. ಹಾಸಿಗೆಯಿದ್ದಷ್ಟು ಕಾಲು ಚಾಚುವುದೆಂದರೆ ಇಷ್ಟೇ. ಇನ್ನೊಂದು ಎಚ್ಚರಿಕೆ: ರಸೀದಿಯಿಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಕಾನೂನು ನಮ್ಮ ರಾಜ್ಯದಲ್ಲಿ 1984ರಿಂದಲೂ ಇದೆ. ಸೀಟು ಕೊಡಿಸುವೆನೆಂದು ಬರುವ ದಲ್ಲಾಳಿಯ ಮಾತಿಗೆ ಯಾವ ಕಾನೂನಿನ ಬಲವೂ ಇಲ್ಲ.

ಕಾಲೇಜುಗಳ ಪಟ್ಟಿಯನ್ನು ಪರೀಕ್ಷಾ ಪ್ರಾಧಿಕಾರಕ್ಕೆ ತುಂಬಿಕೊಡುವಾಗಲೂ ವಿವೇಕ ಬೇಕು. ಅಲ್ಲಿ ರ‍್ಯಾಂಕಿನ ಕ್ರಮದಲ್ಲಿ ಒಬ್ಬೊಬ್ಬರ ಪಟ್ಟಿಯನ್ನೂ ಮೇಲಿನಿಂದ ಕೆಳಕ್ಕೆ ನೋಡಿಕೊಂಡು ಬರುತ್ತಾರೆ. ಆದ್ದರಿಂದ ಬೇಕಾದ ಸೀಟನ್ನು ಸಂಕೋಚವಿಲ್ಲದೆ ಮೊದಲು ಬರೆಯಿರಿ, ಅದು ಸಿಗದಿದ್ದರೆ ಕೆಳಗಿನವುಗಳಿಗೆ ಹಾನಿಯಿಲ್ಲ. ಆದರೆ ಸಿಕ್ಕರೆ ಸೇರಲಾರದಂಥ ದುಬಾರಿ ಸೀಟನ್ನು ಬರೆಯಲೇಬೇಡಿ. ಅಣಕು ಸೀಟು ಹಂಚಿಕೆಯಾದ ಮೇಲೆ ಪಟ್ಟಿಯನ್ನು ತಿದ್ದಲು ಅವಕಾಶ ಕೊಡುತ್ತಾರೆ. ಹಿಂದಿನ ವರ್ಷ ಯಾವ ಸೀಟು ಯಾವ ರ‍್ಯಾಂಕಿಗೆ ಮುಗಿಯಿತೆಂಬುದನ್ನು ಪಕ್ಕದಲ್ಲಿಟ್ಟುಕೊಂಡು ಆ ದಿನ ಮನೆಯವರೆಲ್ಲ ಕೂತು ನೋಡಿ.

ಕೊನೆಯದಾಗಿ, ಇನ್ನೂ ಎಸ್‌.ಎಸ್‌.ಎಲ್‌.ಸಿ. ಓದುತ್ತಿರುವ ಮಕ್ಕಳ ಮನೆಯವರಿಗೆ ಒಂದು ಮಾತು. ಎರಡು ವರ್ಷ ಪಿ.ಯು., ನಾಲ್ಕು ವರ್ಷ ಇಂಜಿನಿಯರಿಂಗ್ ಸೇರಿ ಆರು ವರ್ಷ. ಮೂರು ವರ್ಷ ಪಾಲಿಟೆಕ್ನಿಕ್ಕಿನ ಡಿಪ್ಲೊಮಾ ಮುಗಿಸಿ, ಡಿ.ಸಿ.ಇ.ಟಿ. ಬರೆದು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಿದರೂ ಅದೇ ಆರು ವರ್ಷ. ಸರ್ಕಾರಿ ಪಾಲಿಟೆಕ್ನಿಕ್ಕಿನ ಖರ್ಚು ಅಲ್ಪ. ನಡುವೆ ಮನೆಯ ಸ್ಥಿತಿ ಬಿಗಡಾಯಿಸಿದರೂ ಹುಡುಗನ ಕೈಯಲ್ಲಿ ಒಂದು ಕಸುಬು, ಒಂದು ಸರ್ಟಿಫಿಕೇಟು ಇರುತ್ತದೆ. ಪಿ.ಯು. ದಾರಿ ಹಿಡಿದವರು ನೆನಪಿಡಬೇಕಾದುದು ಇಷ್ಟು: ಸಿಇಟಿ ರ‍್ಯಾಂಕಿನಲ್ಲಿ ಅರ್ಧ ಪಾಲು ಪಿ.ಯು. ಪರೀಕ್ಷೆಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಅಂಕದ್ದು. ಕೋಚಿಂಗಿಗೆ ಹಣ ಸುರಿದು ಕಾಲೇಜಿನ ಪಾಠವನ್ನು ಬಿಟ್ಟವನು ಆ ಅರ್ಧವನ್ನು ಕಳೆದುಕೊಳ್ಳುತ್ತಾನೆ.

ಮಕ್ಕಳ ವಿದ್ಯೆಗಾಗಿ ಕಷ್ಟಪಡುವುದು ನಮ್ಮ ಮನೆಗಳಿಗೆ ಹೊಸದಲ್ಲ. ಆ ಕಷ್ಟದ ದುಡ್ಡು ಗುರುಗಳಿರುವ, ಪ್ರಯೋಗಶಾಲೆಯ ಬಾಗಿಲು ತೆರೆದಿರುವ ಕಡೆಗೆ ಹೋಗಲಿ. ಹುಡುಗ ಓದು ಮುಗಿಸಿ ಹೊರಬಂದಾಗ ಅವನ ಮೊದಲ ಸಂಬಳ ಮನೆಗೆ ಬರುವಂತಿರಲಿ.