ತಪ್ಪು ಸಾಬೀತಾದ ಮೇಲೆ ಏನು ಮಾಡಬೇಕು?



ಒಂದು ಕಂಪನಿ ದೊಡ್ಡದಾಗಿ ಬೆಳೆಯುವುದು ತಪ್ಪಲ್ಲ. ಬೆಳೆದ ಬಲದಿಂದ ಇನ್ನೊಬ್ಬರನ್ನು ಬೆಳೆಯಗೊಡದಿರುವುದು ತಪ್ಪು. ಅದು ನ್ಯಾಯಾಲಯದಲ್ಲಿ ಸಾಬೀತಾದ ಮೇಲೆ ಪರಿಹಾರವೇನು? ಮೈಕ್ರೋಸಾಫ್ಟ್ ಮೊಕದ್ದಮೆ ಇದಕ್ಕೆ ದೊಡ್ಡ ಪಾಠ.

ತೊಂಬತ್ತರ ದಶಕದಲ್ಲಿ ಬಹುಪಾಲು ಪಿಸಿಗಳು ನಡೆಯುತ್ತಿದ್ದದ್ದು ವಿಂಡೋಸ್ ಮೇಲೆ. ಆಗ ನೆಟ್‌ಸ್ಕೇಪ್ ಎಂಬ ಬ್ರೌಸರ್ ಜನಪ್ರಿಯವಾಯಿತು. ಬ್ರೌಸರಿನೊಳಗೇ ಕೆಲಸಗಳೆಲ್ಲ ಸಾಗುವಂತಾದರೆ ವಿಂಡೋಸ್ ಯಾರಿಗೆ ಬೇಕು? ಮೈಕ್ರೋಸಾಫ್ಟಿನ ಭಯ ಇದೇ. ಅದು ತನ್ನ ಇಂಟರ್ನೆಟ್ ಎಕ್ಸ್‌ಪ್ಲೋರರನ್ನು ವಿಂಡೋಸಿಗೆ ಬೆಸೆಯಿತು. ತೆಗೆಯದಂತೆ ಕಂಪ್ಯೂಟರ್ ತಯಾರಕರನ್ನು ಕರಾರಿನಲ್ಲಿ ಕಟ್ಟಿಹಾಕಿತು. 1998ರ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರವೂ ಹಲವು ರಾಜ್ಯಗಳೂ ದಾವೆ ಹೂಡಿದವು.

ತಪ್ಪು ಸಾಬೀತಾದಾಗ ಮೊದಲು ಕಂಡ ದಾರಿ, ಕಂಪನಿಯನ್ನು ಒಡೆಯುವುದು. ವಿಂಡೋಸಿಗೊಂದು ಕಂಪನಿ, ಉಳಿದ ತಂತ್ರಾಂಶಕ್ಕೊಂದು ಎಂದು ನ್ಯಾಯಾಧೀಶ ಥಾಮಸ್ ಪೆನ್‌ಫೀಲ್ಡ್ ಜಾಕ್ಸನ್ 2000ದ ಜೂನ್‌ನಲ್ಲಿ ಆದೇಶಿಸಿದರು. ಮರುವರ್ಷ ಮೇಲ್ಮನವಿ ನ್ಯಾಯಾಲಯ ಆ ಆದೇಶವನ್ನು ರದ್ದುಮಾಡಿತು. ಆದರೆ ಏಕಸ್ವಾಮ್ಯ ಉಳಿಸಿಕೊಳ್ಳಲು ಕಂಪನಿ ಕಾನೂನು ಮುರಿದಿದೆ ಎಂಬ ತೀರ್ಮಾನವನ್ನು ಎತ್ತಿಹಿಡಿಯಿತು.

ಎರಡನೆಯ ದಾರಿ, ನಡವಳಿಕೆಗೆ ಕಟ್ಟಳೆ. 2002ರಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಪ್ರಕಾರ, ಬೇರೆ ಬ್ರೌಸರ್ ಹಾಕಿಕೊಟ್ಟ ತಯಾರಕರ ಮೇಲೆ ಮೈಕ್ರೋಸಾಫ್ಟ್ ಸೇಡು ತೀರಿಸಿಕೊಳ್ಳುವಂತಿರಲಿಲ್ಲ. ಹೊರಗಿನವರ ತಂತ್ರಾಂಶ ವಿಂಡೋಸಿನೊಂದಿಗೆ ಹೊಂದಿಕೊಳ್ಳಲು ಬೇಕಾದ ತಾಂತ್ರಿಕ ವಿವರಗಳನ್ನು ಕೊಡಬೇಕಿತ್ತು. ಈ ಕಟ್ಟಳೆಗಳ ಪಾಲನೆಯ ಮೇಲೆ ನ್ಯಾಯಾಲಯದ ನಿಗಾ 2011ರವರೆಗೂ ನಡೆಯಿತು. ಆದರೆ ರಾಜಿ ಬರುವಷ್ಟರಲ್ಲಿ ನೆಟ್‌ಸ್ಕೇಪ್ ನೆಲಕಚ್ಚಿತ್ತು.

ಯುರೋಪಿನ ಅನುಭವ ಇನ್ನೂ ಸ್ಪಷ್ಟ. ಯುರೋಪಿಯನ್ ಆಯೋಗ 2004ರಲ್ಲಿ ಮೈಕ್ರೋಸಾಫ್ಟಿಗೆ 49.7 ಕೋಟಿ ಯೂರೋ ದಂಡ ಹಾಕಿ, ಮೀಡಿಯಾ ಪ್ಲೇಯರ್ ಇಲ್ಲದ ವಿಂಡೋಸನ್ನೂ ಮಾರಬೇಕೆಂದಿತು. ಎರಡಕ್ಕೂ ಬೆಲೆ ಒಂದೇ. ಕಡಿಮೆ ಸಿಗುವುದನ್ನು ಯಾರು ಕೊಳ್ಳುತ್ತಾರೆ? ಅದಕ್ಕೆ ಹೆಚ್ಚುಕಡಿಮೆ ಗಿರಾಕಿಗಳೇ ಬರಲಿಲ್ಲ. ಅದೇ ಆದೇಶದ ಇನ್ನೊಂದು ಭಾಗ ಫಲಕೊಟ್ಟಿತು. ವಿಂಡೋಸ್ ಯಂತ್ರಗಳು ಸರ್ವರ್ ಜೊತೆ ಮಾತಾಡುವ ರೀತಿಯ ದಾಖಲೆಗಳು 2007ರಲ್ಲಿ ಸಾಂಬಾ ಎಂಬ ಮುಕ್ತ ತಂತ್ರಾಂಶದ ತಂಡಕ್ಕೆ ದೊರೆತವು.

ನಮ್ಮಲ್ಲೂ ಭಾರತೀಯ ಸ್ಪರ್ಧಾ ಆಯೋಗ 2022ರಲ್ಲಿ, ಆಂಡ್ರಾಯ್ಡ್ ವಿಷಯದಲ್ಲಿ, ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. ಸುದ್ದಿಯಾದದ್ದು ದಂಡದ ಮೊತ್ತ. ಆದರೆ ಬಳಕೆದಾರರಿಗೆ ಮುಖ್ಯವಾದದ್ದು ಅದರ ಜೊತೆಗಿದ್ದ ನಿರ್ದೇಶನ: ಫೋನ್ ಸಿದ್ಧಪಡಿಸಿಕೊಳ್ಳುವಾಗಲೇ ಸರ್ಚ್ ಎಂಜಿನ್ ಆರಿಸುವ ಅವಕಾಶ ನಮಗಿರಬೇಕು ಎಂಬುದು.

ದಂಡದ ಹಣ ಖಜಾನೆ ಸೇರುತ್ತದೆ. ಅದರಿಂದಷ್ಟೇ ಹೊಸಬರಿಗೆ ದಾರಿಯಾಗುವುದಿಲ್ಲ. ನಾಳೆ ಹೊಸ ತಂತ್ರಾಂಶ ಬರೆಯುವ ಹುಡುಗಿಗೆ ತಾಂತ್ರಿಕ ಮಾಹಿತಿ ಸಿಗಬೇಕು, ಅವಳ ಕೆಲಸ ಗ್ರಾಹಕರ ಕಣ್ಣಿಗೆ ಬೀಳಬೇಕು, ಇವೆರಡೂ ಅವಳು ಸೋತು ಮನೆಗೆ ಹೋಗುವ ಮೊದಲೇ ಆಗಬೇಕು. ಇಷ್ಟನ್ನು ಸಾಧಿಸಿದ ಆದೇಶವನ್ನು ಮಾತ್ರ ಪರಿಹಾರ ಎನ್ನಬಹುದು.