ಒಂದೇ ಹೊಲಿಗೆ, ಹಲವು ದಾರಿ

ಮೊಳಕಾಲ್ಮುರು ಎಂದರೆ ರೇಷ್ಮೆ ಸೀರೆ, ಚಳ್ಳಕೆರೆ ಎಂದರೆ ಕರಿ ಕಂಬಳಿ. ಎರಡೂ ಮಗ್ಗ ನಂಬಿದ ಊರುಗಳು. ಆದರೆ ಬಯಲುಸೀಮೆಯ ಹೆಣ್ಣುಮಕ್ಕಳು ಮಗ್ಗದ ಹಂಗಿಲ್ಲದೆ ಸಿದ್ಧಪಡಿಸುವ ಹೊದಿಕೆಯೂ ಒಂದಿದೆ. ಅದು ಕೌದಿ.

ಹಳೆಯ ನೂಲಿನ ಸೀರೆ, ಪಂಚೆಗಳನ್ನು ಪದರ ಪದರವಾಗಿ ಹಾಸಿ, ದಪ್ಪ ದಾರದಿಂದ ಉದ್ದಕ್ಕೂ ಓಟದ ಹೊಲಿಗೆ ಹಾಕಿದರೆ ಕೌದಿ ಸಿದ್ಧ. ಸೂಜಿ ಒಳಗೆ ಹೋಗಬೇಕು, ಹೊರಗೆ ಬರಬೇಕು, ಅಷ್ಟೇ. ಪದರಗಳನ್ನು ಹಿಡಿದಿಡುವುದೂ ಅದೇ ಹೊಲಿಗೆ, ಅಂದ ಕೊಡುವುದೂ ಅದೇ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಮಹಿಳೆಯರು ಇದೇ ಹೊಲಿಗೆಯನ್ನು ಅಂಚಿನಿಂದ ಶುರುಮಾಡಿ, ಸುತ್ತುತ್ತಾ ನಡುವಿಗೆ ತರುತ್ತಾರೆ. ದಿಕ್ಕು ಬದಲಾದದ್ದಷ್ಟೇ, ಕೌದಿಯ ಚೆಹರೆಯೇ ಬೇರೆಯಾಗುತ್ತದೆ.

ಧಾರವಾಡ ಸೀಮೆಯ ಕಸೂತಿಗೆ ಬಂದರೆ ಈ ಹೊಲಿಗೆ ಲೆಕ್ಕ ಕಲಿಯುತ್ತದೆ. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವಂತಿಲ್ಲ, ಎಳೆ ಎಣಿಸಿಯೇ ಹಾಕಬೇಕು, ಗಂಟು ಕಾಣಬಾರದು. ಎಳೆ ಎಣಿಸಿ ಉದ್ದ, ಗಿಡ್ಡ ಓಡಿಸಿದರೆ ನೇಗಿ. ನೋಡಿದವರು ಮಗ್ಗದಲ್ಲೇ ನೇಯ್ದದ್ದು ಎನ್ನಬೇಕು. ಹೋದ ದಾರಿಯಲ್ಲೇ ಮರಳಿ ಬಂದು, ಬಿಟ್ಟ ಜಾಗ ತುಂಬಿದರೆ ಗಾವಂತಿ. ಬಟ್ಟೆಯ ಎರಡೂ ಮುಖ ಒಂದೇ ತೆರನಾಗಿರುತ್ತವೆ. ಅದನ್ನೇ ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸಿದರೆ ಮುರ್ಗಿ. ಕಸೂತಿಯ ನಾಲ್ಕು ಹೊಲಿಗೆಗಳಲ್ಲಿ ಅಡ್ಡಹಾಯುವ ಮೆಂತಿಯೊಂದನ್ನು ಬಿಟ್ಟರೆ ಉಳಿದ ಮೂರಕ್ಕೂ ಮೂಲ ಈ ಓಟವೇ. ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲು ಎಲ್ಲ ಮೂಡುವುದು ಇಷ್ಟರಿಂದಲೇ.

ಬಂಗಾಳದ ಕಾಂಥಾ ಹೊದಿಕೆಗಳಲ್ಲಿ ಹಳೆಯ ಸೀರೆಯ ಅಂಚಿನಿಂದ ಬಿಡಿಸಿದ ಎಳೆಯೇ ಓಡುತ್ತಾ ಹೂವು, ಮೀನುಗಳಾಗುತ್ತದೆ. ಜಪಾನಿನಲ್ಲಿ ನೀಲಿ ಬಟ್ಟೆಯ ಮೇಲಿನ ಬಿಳಿ ದಾರದ ಸಾಶಿಕೋ ಕೂಡ ಇದೇ ಓಟ; ರೈತರ ಉಡುಪಿಗೆ ಗಟ್ಟಿತನ ಕೊಡಲೆಂದು ಹುಟ್ಟಿದ್ದು.

ಈ ಕೈಗಳೆಲ್ಲ ಬದಲಿಸಿದ್ದು ಕೆಲವೇ ಸಂಗತಿಗಳನ್ನು: ಹೊಲಿಗೆಯ ಉದ್ದ, ನಡುವಿನ ಅಂತರ, ಸಾಗುವ ದಿಕ್ಕು, ದಾರದ ದಪ್ಪ. ಪಕ್ಕದ ಸಾಲಿನ ಹೊಲಿಗೆಗಳನ್ನು ಸರಿಸಮ ನಿಲ್ಲಿಸಿದರೆ ಪಟ್ಟೆ ಕಾಣುತ್ತದೆ. ಅರ್ಧ ಸರಿಸಿದರೆ ಇಟ್ಟಿಗೆ ಗೋಡೆಯ ವಿನ್ಯಾಸ. ಒಂದೊಂದೇ ಎಳೆ ಸರಿಸುತ್ತಾ ಹೋದರೆ ಓರೆಗೆರೆ.

ಸೂಜಿ ಹಿಡಿಯುವ ಆಸೆಯಿರುವ ಕೇಳುಗರು ಹತ್ತಾರು ಹೊಲಿಗೆಗಳ ಪಟ್ಟಿ ಹುಡುಕುವ ಮೊದಲು ಒಂದು ತುಂಡು ಬಟ್ಟೆಯ ಮೇಲೆ ಓಟದ ಹೊಲಿಗೆಯೊಂದನ್ನೇ ಬಗೆಬಗೆಯಾಗಿ ಹಾಕಿ ನೋಡಲಿ. ಮನೆಯ ಪೆಟ್ಟಿಗೆಯಲ್ಲಿ ಅಜ್ಜಿಯ ಕೌದಿ ಇದ್ದರೆ ಅದನ್ನೊಮ್ಮೆ ಬಿಸಿಲಿಗೆ ಹರವಿ, ಸಾಲುಗಳು ಎಲ್ಲಿ ಶುರುವಾಗಿ ಎಲ್ಲಿ ತಿರುಗಿವೆ ಎಂದು ಬೆರಳಿಟ್ಟು ಹುಡುಕಲಿ.